ಯುದ್ಧಕಾಲದ ಬಿಬಿಸಿ: ಹಗಲಿನ ಸಂಗೀತವೋ, ರಾತ್ರಿಯ ನಗೆಯೋ?

ಎರಡನೇ ಮಹಾಯುದ್ಧದ ಬ್ರಿಟನ್ನಿನಲ್ಲಿ ಜನ ದಿನವಿಡೀ ರೇಡಿಯೋದಲ್ಲಿ ಏನು ಕೇಳುತ್ತಿದ್ದರು ಎಂಬ ಕುತೂಹಲ ನಿಮಗಿದೆಯೇ? ಉಳಿದಿರುವ ಧ್ವನಿಮುದ್ರಣಗಳಲ್ಲಿ ಯಾವುದರಿಂದ ಶುರುಮಾಡಬೇಕು ಎಂಬುದು ನಿಮ್ಮ ಕಿವಿಗೆ ಬಿಟ್ಟದ್ದು.

ಬಿಬಿಸಿಯ ಸಂಗೀತ ಕಾರ್ಯಕ್ರಮ ‘ಮ್ಯೂಸಿಕ್ ವೈಲ್ ಯು ವರ್ಕ್’ ಶುರುವಾದದ್ದು 1940ರ ಜೂನ್ 23ರಂದು. ದಿನಕ್ಕೆರಡು ಸಲ, ಅರ್ಧರ್ಧ ಗಂಟೆ, ಕಾರ್ಖಾನೆಯ ಕೆಲಸಗಾರರಿಗಾಗಿ. ಯಂತ್ರಗಳ ಗದ್ದಲದಲ್ಲೂ ರಾಗ ಸ್ಪಷ್ಟವಾಗಿ ಕೇಳಬೇಕಿತ್ತು, ದುಡಿಯುವ ಕೈ ನಿಧಾನವಾಗಬಾರದಿತ್ತು. ಹಾಗಾಗಿ ತೂಕಡಿಕೆ ತರಿಸುವ ಹಾಡುಗಳಿಗೆ ಜಾಗವಿಲ್ಲ. ನಡುವೆ ಚಪ್ಪಾಳೆ ಬರುವ ಒಂದು ಜನಪ್ರಿಯ ಹಾಡನ್ನೂ ದೂರವಿಟ್ಟರು; ತಾಳ ಹಾಕಲು ಕೆಲಸಗಾರರು ಉಪಕರಣಗಳನ್ನೇ ಬಡಿದಾರೆಂಬ ಆತಂಕ! ಇಂಗ್ಲಿಷ್ ಮಾತಿನ ವೇಗ ಕಷ್ಟವೆನಿಸುವವರಿಗೆ ಇದೇ ಸಲೀಸು.

‘ಇಟ್ಸ್ ದಟ್ ಮ್ಯಾನ್ ಅಗೇನ್’, ಜನರ ಬಾಯಲ್ಲಿ ‘ಇಟ್ಮಾ’, ಬೇರೆಯೇ ಲೋಕ. 1939ರ ಜುಲೈನಲ್ಲಿ ಆರಂಭವಾದ ಈ ಹಾಸ್ಯ ಕಾರ್ಯಕ್ರಮದ ಜೀವಾಳ ಟಾಮಿ ಹ್ಯಾಂಡ್ಲಿ. ಬರೆದವರು ಟೆಡ್ ಕವಾನಾ. ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ಒಂದು ಪಾತ್ರ ಬಂದು, ತನ್ನ ಖಾಯಂ ಮಾತೊಂದನ್ನು ಹೇಳಿ ಹೋಗುತ್ತದೆ. ಫುನ್ಫ್ ಎಂಬ ಜರ್ಮನ್ ಗೂಢಚಾರನ ದನಿಗಾಗಿ ಜ್ಯಾಕ್ ಟ್ರೇನ್ ಖಾಲಿ ಗಾಜಿನ ಲೋಟದೊಳಗೆ ಮಾತಾಡುತ್ತಿದ್ದರು. ಹೆದರಿಸಬೇಕಾದ ಶತ್ರು ನಗೆಪಾಟಲಾಗುತ್ತಿದ್ದ! ಪಡಿತರ, ಸರ್ಕಾರಿ ಕಚೇರಿಗಳ ಗೊಂದಲ ಎಲ್ಲವೂ ಗೇಲಿಗೆ ಸಿಕ್ಕವು.

ಮೊದಲ ಸಲ ಅರ್ಧ ಹಾಸ್ಯ ಕೈತಪ್ಪುವುದು ನಿಜ. ಆದರೂ ಒಂದನ್ನೇ ಆರಿಸುವುದಾದರೆ ನನ್ನ ಮತ ಇಟ್ಮಾಗೇ. ಬಾಂಬ್ ಬೀಳುತ್ತಿದ್ದ ಕಾಲದ ಸಭಿಕರ ನಗು ಅದರಲ್ಲಿ ಇಂದಿಗೂ ಕೇಳುತ್ತದೆ.