ಆಗಾಗ ಸದ್ದು ಹೋಗುವ ಟ್ಯೂಬ್ ಆಂಪ್‌ಗೆ ಎಸ್.ಪಿ. ರೋಡಿನಲ್ಲಿ ಸಿಕ್ಕ ರಿಪೇರಿ

ಗಿಟಾರ್ ಸದ್ದನ್ನು ಗಾಜಿನ ಟ್ಯೂಬ್‌ಗಳಿಂದ ದೊಡ್ಡದು ಮಾಡುವ ಟ್ಯೂಬ್ ಆಂಪ್ ಪೂರ್ತಿ ಸತ್ತುಹೋದರೆ ರಿಪೇರಿ ಮಾಡುವವರು ಬೆಂಗಳೂರಿನಲ್ಲಿ ಸಿಗುತ್ತಾರೆ. ಸದ್ದು ಹೋಗೋದು, ತಾನೇ ವಾಪಸ್ ಬರೋದು, ಮತ್ತೆ ಹೋಗೋದು, ಇಂಥ ಆಂಪ್ ತಗೊಂಡು ಹೋದರೆ ಮಾತ್ರ ಮುಖ ತಿರುಗಿಸುವವರೇ ಜಾಸ್ತಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನ ಒಂದು ಅಡ್ಡರಸ್ತೆಯಲ್ಲಿ, ಕೇಬಲ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಹಾಗೆ ಮುಖ ತಿರುಗಿಸದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅಂಗಡಿಗೆ ಬೋರ್ಡ್ ಇಲ್ಲ. ಹೆಸರು, ನಂಬರ್ ಎಲ್ಲೂ ಹಾಕಬೇಡಿ, ಇರೋ ಕೆಲಸವೇ ಮುಗೀತಿಲ್ಲ ಅಂತ ಅವರೇ ಕೇಳಿಕೊಂಡಿದ್ದಾರೆ. ಆದರೂ ಅವರು ಕೆಲಸ ಮಾಡಿದ ರೀತಿಯನ್ನು ಬರೆಯಲೇಬೇಕು. ನಿಮ್ಮ ಆಂಪ್ ಯಾರ ಕೈಗೆ ಕೊಟ್ಟರೂ ಅವರಿಂದ ಏನು ಕೇಳಬೇಕು ಅನ್ನೋದು ಇದರಿಂದ ಗೊತ್ತಾಗುತ್ತದೆ.

ನನ್ನದು 15 ವಾಟ್‌ನ ಕಾಂಬೊ, ಅಂದರೆ ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ. ಸ್ಪೀಕರ್ ಓಡಿಸುವ ಔಟ್‌ಪುಟ್‌ಗೆ ಎರಡು ಇಎಲ್84 ಟ್ಯೂಬ್, ಗಿಟಾರ್ ಸಿಗ್ನಲ್ ಮೊದಲು ಹೋಗುವ ಪ್ರೀಆಂಪ್‌ಗೆ ಮೂರು 12ಎಎಕ್ಸ್7 ಟ್ಯೂಬ್, 12 ಇಂಚಿನ ಒಂದು ಸ್ಪೀಕರ್, ಹಿಂದುಗಡೆ ಎಫೆಕ್ಟ್ಸ್ ಲೂಪ್ (ಸದ್ದು ಬದಲಿಸುವ ಪೆಡಲ್ ಸೇರಿಸಲು ಸಿಗ್ನಲ್ ಹೊರಗೆ ಕೊಡುವ ಸೆಂಡ್, ವಾಪಸ್ ತಗೊಳ್ಳುವ ರಿಟರ್ನ್ ಅನ್ನೋ ಎರಡು ಜ್ಯಾಕ್). ತುಮಕೂರಿನ ಆರ್ಕೆಸ್ಟ್ರಾ ತಂಡವೊಂದರಲ್ಲಿ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬಕ್ಕೆ ಶುರುವಾದರೆ ರಾಜ್ಯೋತ್ಸವದ ನವೆಂಬರ್ ಮುಗಿಯುವ ತನಕ ನಮಗೆ ಬಿಡುವಿರುವುದಿಲ್ಲ. ಸ್ಟೇಜ್ ಮೇಲೆ ಅರ್ಧ ಗಂಟೆ ಆಂಪ್ ಚೆನ್ನಾಗಿಯೇ ಹಾಡುತ್ತಿತ್ತು. ಆಮೇಲೆ ಒಂದು ಸಣ್ಣ ಚಟಪಟ, ಗಿಟಾರ್ ಮಾಯ. ಪೂರ್ತಿ ಮಾಯವೂ ಅಲ್ಲ, ತೆಳ್ಳಗೆ, ಬರೀ ಟ್ರೆಬಲ್ ಮಾತ್ರ ಎಲ್ಲೋ ದೂರದಿಂದ ಬಂದ ಹಾಗೆ. ಹಾಡಿನ ನಡುವಿನ ಬಿಟ್ ಪೂರ್ತಿ ಗಿಟಾರ್ ಮೇಲೇ ನಿಂತಿರುವಾಗ ಹೀಗಾದರೆ ಕೀಬೋರ್ಡ್‌ನವನು ಎಷ್ಟು ಅಂತ ತುಂಬಿಸುತ್ತಾನೆ? ಕೆಲವೊಮ್ಮೆ ಆಂಪ್ ಮೇಲೆ ಕೈಯಿಂದ ತಟ್ಟಿದರೆ ಬರುತ್ತಿತ್ತು. ಕೆಲವೊಮ್ಮೆ ಆಫ್ ಮಾಡಿ ತಣ್ಣಗಾಗಲು ಬಿಟ್ಟರಷ್ಟೇ ಬರುತ್ತಿತ್ತು.

ಇಲ್ಲಿಗೆ ಬರುವ ಮೊದಲು ಬೇರೊಂದು ಕಡೆ ಕೊಟ್ಟಿದ್ದೆ. ಅಲ್ಲಿ ಐದೂ ಟ್ಯೂಬ್ ಬದಲಾಯಿಸಿ ದುಡ್ಡು ತಗೊಂಡರು. ಹೊಸ ಟ್ಯೂಬ್ ಅಗ್ಗದ ವಸ್ತುವಲ್ಲ. ಈಗ ಸಿಗುವುದು ಬಹುತೇಕ ಸ್ಲೊವಾಕಿಯಾ, ರಷ್ಯಾ, ಚೀನಾದಿಂದ ಬರಬೇಕು. ಮನೆಗೆ ತಂದು ನುಡಿಸಿದರೆ ಅದೇ ಅರ್ಧ ಗಂಟೆ, ಅದೇ ಚಟಪಟ.

ಎಸ್.ಪಿ. ರೋಡಿನ ಈ ಮೆಕ್ಯಾನಿಕ್ ಮೊದಲು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಪ್ರಶ್ನೆ ಕೇಳಿದರು. ಸದ್ದು ಹೋದಾಗ ಸುಯ್ ಅನ್ನೋ ಹಿಸ್ಸೂ ಹೋಗುತ್ತಾ? ಗುಂಯ್ ಅನ್ನೋ ಹಮ್ ಉಳಿಯುತ್ತಾ? ಟ್ಯೂಬ್‌ಗಳ ಕೆಂಪು ಬೆಳಕು ಹಾಗೇ ಇರುತ್ತಾ? ತಣ್ಣಗಿದ್ದಾಗ ಹೋಗುತ್ತೋ, ಬಿಸಿಯಾದ ಮೇಲೋ? ನನ್ನ ಆಂಪ್‌ನಲ್ಲಿ ಗಿಟಾರ್ ಜೊತೆ ಹಿಸ್ ಕೂಡ ಕಡಿಮೆಯಾಗುತ್ತಿತ್ತು, ಸಣ್ಣ ಹಮ್ ಮಾತ್ರ ಉಳಿಯುತ್ತಿತ್ತು. ಹಾಗಾದರೆ ಸ್ಪೀಕರ್, ಅದರ ವೈರ್, ಔಟ್‌ಪುಟ್ ಟ್ಯೂಬ್ ಎಲ್ಲ ಬಹುತೇಕ ಸರಿ ಇವೆ, ರೋಗ ಔಟ್‌ಪುಟ್‌ಗಿಂತ ಮೊದಲಿನ ಭಾಗದಲ್ಲಿದೆ ಅಂದರು. ಇಷ್ಟು ಹೇಳಲು ಅವರಿಗೆ ಮೀಟರ್ ಕೂಡ ಬೇಕಾಗಲಿಲ್ಲ.

ಆಮೇಲೆ ನನ್ನ ಪೆಡಲ್‌ಗಳನ್ನೆಲ್ಲ ಬದಿಗಿಟ್ಟು, ಅವರದೇ ಕೇಬಲ್‌ನಲ್ಲಿ ಗಿಟಾರನ್ನು ನೇರವಾಗಿ ಇನ್‌ಪುಟ್‌ಗೆ ಹಾಕಿದರು. ಬಿಸಿಯಾಗುವ ತನಕ ನುಡಿಸಿ ಅಂದರು. ಸದ್ದು ಹೋಯಿತು. ಕೂಡಲೇ ಒಂದು ಗೇಣುದ್ದದ ಪ್ಯಾಚ್ ಕೇಬಲ್ ತೆಗೆದು ಎಫೆಕ್ಟ್ಸ್ ಲೂಪ್‌ನ ಸೆಂಡ್‌ನಿಂದ ರಿಟರ್ನ್‌ಗೆ ಹಾಕಿದರು. ಇದನ್ನು ಎಲ್ಲರೂ ಕಲಿತಿಡಬೇಕು. ಲೂಪ್‌ನಲ್ಲಿ ಏನೂ ಹಾಕದಿದ್ದಾಗ ಹೆಚ್ಚಿನ ಆಂಪ್‌ಗಳಲ್ಲಿ ಸಿಗ್ನಲ್ ರಿಟರ್ನ್ ಜ್ಯಾಕ್ ಒಳಗಿನ ಒಂದು ಸಣ್ಣ ಸ್ವಿಚ್ ಕಾಂಟ್ಯಾಕ್ಟ್ ದಾಟಿಯೇ ಮುಂದೆ ಹೋಗಬೇಕು. ವರ್ಷಗಟ್ಟಲೆ ಬಳಸದೆ ಬಿಟ್ಟರೆ ಆ ಕಾಂಟ್ಯಾಕ್ಟ್ ಕಪ್ಪಾಗುತ್ತದೆ, ಧೂಳು ಕೂರುತ್ತದೆ, ಸದ್ದು ಹೋಗಿ ಬಂದು ಮಾಡುತ್ತದೆ. ಪ್ಯಾಚ್ ಕೇಬಲ್ ಹಾಕಿದ ಕೂಡಲೇ ಸದ್ದು ಬಂದು ನಿಂತರೆ ಕಳ್ಳ ಸಿಕ್ಕಿದ ಹಾಗೆ. ಜ್ಯಾಕನ್ನು ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿದರೆ, ಅಥವಾ ಬದಲಾಯಿಸಿದರೆ ಮುಗಿಯಿತು. ಆಂಪ್ ಬಿಚ್ಚದೆ, ಯಾವ ಅಪಾಯವೂ ಇಲ್ಲದೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಲೂಪ್ ಇರುವ ಆಂಪ್‌ನವರು ರಿಪೇರಿಗೆ ಹೊರಡುವ ಮೊದಲು ಇದನ್ನೊಮ್ಮೆ ಮಾಡಿ ನೋಡಿ.

ನನ್ನ ಆಂಪ್‌ಗೆ ಅದರಿಂದ ಏನೂ ಆಗಲಿಲ್ಲ. ಸದ್ದು ಹೋಗಿದ್ದಾಗಲೇ ಅವರು ಗಿಟಾರನ್ನು ಸೀದಾ ರಿಟರ್ನ್‌ಗೆ ಹಾಕಿದರು. ಸಣ್ಣದಾಗಿ ಆದರೂ ಶುದ್ಧವಾಗಿ ಬಂತು. ಸೆಂಡ್‌ನಿಂದ ಇನ್ನೊಂದು ಆಂಪ್‌ಗೆ ಕೇಬಲ್ ಎಳೆದರು. ಅಲ್ಲಿ ಅದೇ ತೆಳ್ಳನೆಯ ಸದ್ದು. ಇಷ್ಟಾದ ಮೇಲೆ ಅರ್ಧ ಆಂಪ್, ಅಂದರೆ ರಿಟರ್ನ್‌ನಿಂದ ಸ್ಪೀಕರ್‌ವರೆಗಿನ ಭಾಗ, ಲೆಕ್ಕದಿಂದ ಹೊರಗೆ ಹೋಯಿತು. ಪ್ರೀಆಂಪ್‌ನ ಮೊದಲೆರಡು ಟ್ಯೂಬ್‌ಗಳ ಸುತ್ತ ಹುಡುಕಿದರೆ ಸಾಕು.

ಒಳಗಿನ ಭಾಗಗಳೆಲ್ಲ ಕೂತಿರುವ ಲೋಹದ ಚಾಸಿ ಹೊರತೆಗೆಯುವುದನ್ನು ಪಕ್ಕದಲ್ಲೇ ಕೂತು ನೋಡಲು ಬಿಟ್ಟರು, ಮುಟ್ಟಲು ಬಿಡಲಿಲ್ಲ. ಅದು ಸರಿಯೇ. ಪ್ಲಗ್ ಕಿತ್ತ ಮೇಲೂ ವಿದ್ಯುತ್ ತುಂಬಿಟ್ಟುಕೊಳ್ಳುವ ಫಿಲ್ಟರ್ ಕೆಪ್ಯಾಸಿಟರ್‌ಗಳಲ್ಲಿ 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು, ಪ್ರಾಣ ಹೋಗಲು ಅಷ್ಟು ಸಾಕು. ಅವರು ರೆಸಿಸ್ಟರ್ ಹಾಕಿ ಚಾರ್ಜ್ ಇಳಿಸಿ, ಮೀಟರ್‌ನಲ್ಲಿ ಸೊನ್ನೆ ಹತ್ತಿರ ಬಂದಿದ್ದನ್ನು ನೋಡಿಯೇ ಕೈ ಇಟ್ಟರು. ಬೆಂಚ್ ಮೇಲೂ ಸ್ಪೀಕರ್ ವೈರ್ ಸಿಕ್ಕಿಸದೆ ಒಮ್ಮೆಯೂ ಆನ್ ಮಾಡಲಿಲ್ಲ. ಲೋಡ್ ಇಲ್ಲದೆ ಟ್ಯೂಬ್ ಆಂಪ್ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು, ಅದು ಸುಟ್ಟರೆ ಆಂಪ್‌ನ ಅರ್ಧ ಬೆಲೆ ಹೋದಂತೆ.

ಬೆಂಚ್ ಮೇಲೆ ಇಟ್ಟ ಮೇಲೆ ಆಂಪ್ ಸರಿಯಾಗಿಬಿಟ್ಟಿತು! ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಬಿಲ್ ಬರೆಯುತ್ತಿದ್ದರು. ಇವರು ಕಾರಣ ಹೇಳಿದರು. ಕಾಂಬೊದಲ್ಲಿ ಟ್ಯೂಬ್‌ಗಳು ತಲೆಕೆಳಗಾಗಿ ನೇತಾಡುತ್ತವೆ. ಅವುಗಳ ಬಿಸಿ ಮೇಲೇರಿ ನೇರ ಸರ್ಕಿಟ್ ಬೋರ್ಡ್‌ಗೆ ತಾಗುತ್ತದೆ. ಚಾಸಿಯನ್ನು ಹೊರತೆಗೆದು ಮಗುಚಿ ಇಟ್ಟರೆ ಬೋರ್ಡ್ ತಣ್ಣಗಾಗುತ್ತದೆ, ರೋಗ ಅಡಗಿಕೊಳ್ಳುತ್ತದೆ. ಹೇರ್ ಡ್ರೈಯರ್ ತಗೊಂಡು ಪ್ರೀಆಂಪ್ ಸಾಕೆಟ್‌ಗಳ ಸುತ್ತ ಬಿಸಿ ಗಾಳಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಚಟಪಟ ಶುರುವಾಯಿತು. ಆಮೇಲೆ ಒಣಗಿದ ಬಿದಿರು ಕಡ್ಡಿಯಿಂದ ಒಂದೊಂದೇ ಭಾಗವನ್ನು ಮೆಲ್ಲಗೆ ತಟ್ಟುತ್ತಾ ಬಂದರು. ಎರಡನೇ ಟ್ಯೂಬ್ ಹತ್ತಿರ ಬಂದಾಗ ಸದ್ದು ಹೋಗೋದು, ಬರೋದು.

ಟ್ಯೂಬೇ ಕೆಟ್ಟಿರಬೇಕು ಅಂತ ಅನ್ನಿಸುವುದು ಇಲ್ಲೇ. ಅವರು ಆಫ್ ಮಾಡಿ ಮೊದಲನೇ ಮತ್ತು ಎರಡನೇ ಟ್ಯೂಬ್‌ಗಳನ್ನು ಅದಲುಬದಲು ಮಾಡಿದರು. ತೊಂದರೆ ಟ್ಯೂಬ್ ಜೊತೆ ಹೋಗಲಿಲ್ಲ, ಸಾಕೆಟ್‌ನಲ್ಲೇ ಉಳಿಯಿತು. ಖಾತ್ರಿಗೆ ಡ್ರಾಯರ್‌ನಿಂದ ಹಳೇ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಇಸಿಸಿ83 ಒಂದನ್ನು ತೆಗೆದು ಹಾಕಿದರು. ಇಸಿಸಿ83, 12ಎಎಕ್ಸ್7 ಎರಡೂ ಒಂದೇ ಟ್ಯೂಬ್. ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲಿ 1961ರಿಂದ ರೇಡಿಯೊ ವಾಲ್ವ್‌ಗಳು, ಅಂದರೆ ಇಂಥ ಟ್ಯೂಬ್‌ಗಳು, ತಯಾರಾಗುತ್ತಿದ್ದವು. ಗಾಜಿನ ಮೇಲೆ ಆ ಮೂರು ಅಕ್ಷರ ಮಾಸಿದ್ದರೂ ಓದಲು ಬರುತ್ತಿತ್ತು. ಬೆಂಗಳೂರಲ್ಲೇ ಹುಟ್ಟಿದ ಆ ಟ್ಯೂಬ್ ಇವತ್ತಿಗೂ ಹಾಡಿದ್ದನ್ನು ಕೇಳಿ ನನಗೆ ನಿಜವಾಗಿ ಖುಷಿಯಾಯಿತು. ಅದನ್ನು ಹಾಕಿದಾಗಲೂ ಸದ್ದು ಹೋಯಿತು. ಅಂದರೆ ಯಾವ ಟ್ಯೂಬ್‌ದೂ ತಪ್ಪಿರಲಿಲ್ಲ. ನಾನು ಕೊಂಡ ಐದು ಹೊಸ ಟ್ಯೂಬ್‌ಗಳು ಬೇಕೇ ಇರಲಿಲ್ಲ.

ಮುಂದಿನದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಪವರ್ ಆಫ್ ಇದ್ದಾಗಲೇ ಮೀಟರ್‌ನ ಕ್ಲಿಪ್ಪನ್ನು ಆ ಸಾಕೆಟ್‌ನ 6ನೇ ಪಿನ್‌ಗೆ ಹೋಗುವ, ಬೋರ್ಡ್ ಮೇಲಿನ ತಾಮ್ರದ ಟ್ರ್ಯಾಕ್‌ಗೆ ಕಚ್ಚಿಸಿ, ಕೈ ತೆಗೆದು ಆನ್ ಮಾಡಿದರು. 6ನೇ ಪಿನ್ ಅಂದರೆ ಟ್ಯೂಬ್‌ನ ಒಂದು ಪ್ಲೇಟ್, ಟ್ಯೂಬ್ ಕರೆಂಟ್ ಎಳೆಯುವ ಜಾಗ. ಸದ್ದು ಇದ್ದಾಗ ಮೀಟರ್ 180 ವೋಲ್ಟ್ ಹತ್ತಿರ ತೋರಿಸುತ್ತಿತ್ತು. ಡ್ರೈಯರ್ ಹಿಡಿದು ಸದ್ದು ಹೋದ ಕ್ಷಣಕ್ಕೆ 280ಕ್ಕೆ ಜಿಗಿಯಿತು. ಲೆಕ್ಕ ಸುಲಭ. ಮೇಲಿಂದ ಬರುವ ಸಪ್ಲೈ 280. ನಡುವೆ 100 ಕಿಲೊ ಓಮ್‌ನ ರೆಸಿಸ್ಟರ್. ಟ್ಯೂಬ್ 1 ಮಿಲಿಆಂಪ್ ಕರೆಂಟ್ ಎಳೆದರೆ ಅಲ್ಲಿ 100 ವೋಲ್ಟ್ ಇಳಿದು 180 ಉಳಿಯುತ್ತದೆ. 280 ತೋರಿಸಿದರೆ ಟ್ಯೂಬ್ ಏನೂ ಎಳೆಯುತ್ತಿಲ್ಲ ಅಂತ ಅರ್ಥ. ಟ್ರ್ಯಾಕ್‌ಗೂ ಪಿನ್‌ಗೂ ನಡುವೆ ಎಲ್ಲೋ ಕೊಂಡಿ ಕಳಚಿದೆ.

ಭೂತಗನ್ನಡಿ ನನ್ನ ಕೈಗೆ ಕೊಟ್ಟು ನೋಡಿ ಅಂದರು. ಬೆಸುಗೆಯ ನಡುವೆ, ಪಿನ್ ಸುತ್ತ, ಕೂದಲಿಗಿಂತ ಸಣ್ಣ ಕಪ್ಪು ಉಂಗುರ. ಬರಿಗಣ್ಣಿಗೆ ಬೆಸುಗೆ ಗಟ್ಟಿಯಾಗಿ, ಹೊಳೆಯುತ್ತಲೇ ಇತ್ತು. ಸಾಕೆಟ್ಟನ್ನು ನೇರ ಬೋರ್ಡ್ ಮೇಲೆ ಬೆಸೆದ ಆಂಪ್‌ಗಳಲ್ಲಿ ಇದು ಹಳೇ ಕಾಯಿಲೆ. ಪ್ರತಿ ಸಲ ಬಿಸಿಯಾಗಿ ಹಿಗ್ಗುತ್ತದೆ, ತಣ್ಣಗಾಗಿ ಕುಗ್ಗುತ್ತದೆ. ಕಾಂಬೊ ಆದ್ದರಿಂದ ಸ್ಪೀಕರಿನ ಅದುರಾಟ ಬೇರೆ. ಟ್ಯೂಬ್‌ಗಳನ್ನು ಅಲ್ಲಾಡಿಸಿ ಕೀಳುವುದರಿಂದಲೂ ಬೆಸುಗೆಗೆ ಪೆಟ್ಟು ಬೀಳುತ್ತದೆ.

ಒಂದು ಪಿನ್ ಸರಿಮಾಡಿ ಕಳಿಸಬಹುದಿತ್ತು. ಅವರು ಐದೂ ಸಾಕೆಟ್‌ಗಳ ಒಂದೊಂದು ಪಿನ್‌ನ ಹಳೇ ಬೆಸುಗೆಯನ್ನೂ ಹೀರಿ ತೆಗೆದು, ಹೊಸ 60/40 (ತವರ-ಸೀಸ) ಬೆಸುಗೆ ಹಾಕಿದರು. ಸಾಕೆಟ್ ಒಳಗಿನ ಸಡಿಲವಾದ ಹಿಡಿಗಳನ್ನು ಸೂಜಿಯಿಂದ ಬಿಗಿ ಮಾಡಿದರು. ರಿಟರ್ನ್ ಜ್ಯಾಕ್ ಕಾಂಟ್ಯಾಕ್ಟ್ ಕಪ್ಪಾಗಿತ್ತು, ಅದನ್ನೂ ಒರೆಸಿದರು. ಕೊನೆಗೆ ಚಾಸಿಯನ್ನು ಪೆಟ್ಟಿಗೆಗೆ ಹಾಕಿ, ಮುಚ್ಚಿ, ಅದೇ ಬಿಸಿಯಲ್ಲಿ ಗಂಟೆಗಟ್ಟಲೆ ಓಡಿಸಿದರು. ಎಲ್ಲ ಸೇರಿ 2,200 ರೂಪಾಯಿ. ನೋಡುವ ಚಾರ್ಜ್ 500 ಇದರಲ್ಲೇ ಸೇರಿತ್ತು. ಐದು ಟ್ಯೂಬ್‌ಗೆ ಕೊಟ್ಟಿದ್ದರ ಮುಂದೆ ಇದು ಏನೂ ಅಲ್ಲ.

ಕೊರತೆಗಳೂ ಇವೆ. ತುಂಬಾ ನಿಧಾನ. ಎರಡು ವಾರ ಅಂದರೆ ಮೂರು ಅಂತ ಇಟ್ಟುಕೊಳ್ಳಿ. ಹಬ್ಬದ ಸೀಸನ್ ಹತ್ತಿರ ಬಂದಾಗ ಕೊಡಲೇಬೇಡಿ. ಮಧ್ಯಾಹ್ನ ಫೋನ್ ಎತ್ತುವುದಿಲ್ಲ. ಬಿಲ್ ಒಂದು ಚೀಟಿ ಅಷ್ಟೇ, ಗ್ಯಾರಂಟಿ ಬಾಯಿಮಾತು. ಏನೇನು ಮಾಡಿದರು, ಯಾವ ಪಿನ್‌ನಲ್ಲಿ ಎಷ್ಟು ವೋಲ್ಟ್ ಇತ್ತು ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಮುಂದೆ ಯಾರೇ ಆ ಆಂಪ್ ಬಿಚ್ಚಿದರೂ ಉಪಯೋಗವಾಗುತ್ತಿತ್ತು. ನಾನೇ ಫೋನಿನಲ್ಲಿ ಬರೆದುಕೊಂಡೆ. ಮೆಟ್ಟಿಲು ಕಡಿದಾಗಿದೆ, ಗಾಡಿ ನಿಲ್ಲಿಸಲು ಜಾಗವೇ ಇಲ್ಲ. ಭಾರದ ಆಂಪ್ ಆದರೆ ಜೊತೆಗೊಬ್ಬರನ್ನು ಕರೆದುಕೊಂಡು ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ಹೋಗೋದೇ ವಾಸಿ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಕಳೆದ ಅರ್ಧ ಅಂಕ ಬರೀ ತಡ ಮಾಡಿದ್ದಕ್ಕೆ. ಈ ಸೀಸನ್ ಪೂರ್ತಿ ಆಂಪ್ ಒಮ್ಮೆಯೂ ಕೈಕೊಟ್ಟಿಲ್ಲ, ರಾತ್ರಿ ಹನ್ನೊಂದರವರೆಗೆ ನಡೆದ ಪ್ರೋಗ್ರಾಂಗಳಲ್ಲೂ ಇಲ್ಲ.

ಹೋಗುವವರು ನಿಮ್ಮ ಗಿಟಾರ್, ಕೇಬಲ್, ಫುಟ್‌ಸ್ವಿಚ್ ಎಲ್ಲ ತಗೊಂಡು ಹೋಗಿ. ಎಷ್ಟು ಹೊತ್ತಿಗೆ ಸದ್ದು ಹೋಗುತ್ತದೆ, ಹೋದಾಗ ಹಿಸ್ ಏನಾಗುತ್ತದೆ, ಪ್ಯಾಚ್ ಕೇಬಲ್ ಹಾಕಿದರೆ ಏನಾಯಿತು ಅನ್ನೋದನ್ನು ಮನೆಯಲ್ಲೇ ಗಮನಿಸಿ ಬರೆದಿಟ್ಟುಕೊಳ್ಳಿ. ಇನ್ನು ನನ್ನ ಆಂಪ್‌ನ ಫಿಲ್ಟರ್ ಕೆಪ್ಯಾಸಿಟರ್‌ಗಳಿಗೆ ವಯಸ್ಸಾಗಿದೆ, ಹಮ್ ಜಾಸ್ತಿಯಾದರೆ ಬದಲಾಯಿಸೋಣ, ಈಗಲೇ ಬೇಡ ಅಂದಿದ್ದಾರೆ. ಆ ಕೆಲಸವನ್ನೂ ಅವರಿಗೇ ಕೊಡುತ್ತೇನೆ, ಡಿಸೆಂಬರ್ ಆದ ಮೇಲೆ.