ಕೀಟೊಕೊನಜೋಲ್ ಶಾಂಪೂ: ಜಿಡ್ಡಿನ ನೆತ್ತಿಗೆ 14 ತಿಂಗಳು ಬಳಸಿದ ಮೇಲೆ

ಬೆಳಿಗ್ಗೆ ತೊಳೆದ ಕೂದಲು ಸಂಜೆಯಾಗುವಷ್ಟರಲ್ಲಿ ಬುಡದಲ್ಲೇ ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು. ಬೈತಲೆಯ ಉದ್ದಕ್ಕೂ ಹಳದಿ ಛಾಯೆಯ ಜಿಡ್ಡುಹೊಟ್ಟು ಕೂತಿರುತ್ತಿತ್ತು. ತುರಿಕೆಯಿಂದ ನಿದ್ದೆ ಕೆಡುತ್ತಿತ್ತು. ಚರ್ಮವೈದ್ಯರು ಇದನ್ನು ಸೆಬೋರಿಕ್ ಡರ್ಮಟೈಟಿಸ್ (ಜಿಡ್ಡಿರುವ ಚರ್ಮ ಕೆರಳಿ ಹೊಟ್ಟೇಳುವ ತೊಂದರೆ) ಎಂದು ಗುರುತಿಸಿ ಕೀಟೊಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧದ ಶೇ. 2ರ ಶಾಂಪೂ ಬರೆದುಕೊಟ್ಟರು.

ಮೊದಲ ಮೂರು ವಾರ ನಾನು ಅದನ್ನು ತಪ್ಪಾಗಿಯೇ ಬಳಸಿದೆ. ಸಾಮಾನ್ಯ ಶಾಂಪೂವಿನಂತೆ ಕೂದಲಿಗೆ ಉಜ್ಜಿ, ನೊರೆ ಬಂದ ಕೂಡಲೇ ತೊಳೆದುಬಿಡುತ್ತಿದ್ದೆ. ಫಲ ಅಷ್ಟಕ್ಕಷ್ಟೇ ಇತ್ತು. ಔಷಧ ತಾಗಬೇಕಾದದ್ದು ಕೂದಲಿಗಲ್ಲ, ನೆತ್ತಿಯ ಚರ್ಮಕ್ಕೆ. ಕೂದಲನ್ನು ಬೆರಳಿನಿಂದ ಬಿಡಿಸಿಕೊಂಡು, ಬುಡಕ್ಕೆ ಮೆಲ್ಲಗೆ ತಿಕ್ಕಿ, 3ರಿಂದ 5 ನಿಮಿಷ ಹಾಗೆಯೇ ಬಿಟ್ಟು, ಆಮೇಲೆ ಚೆನ್ನಾಗಿ ತೊಳೆಯಬೇಕು. ಗಡಿಯಾರ ನೋಡಿಕೊಂಡು ವಾರಕ್ಕೆ 2 ಬಾರಿ ಹೀಗೆ ಮಾಡತೊಡಗಿದ ಮೇಲೆ ಹದಿನೈದು ದಿನಗಳಲ್ಲಿ ತುರಿಕೆ ಇಳಿಯಿತು, ತಿಂಗಳು ತುಂಬುವಾಗ ಹೊಟ್ಟು ಬಹುಪಾಲು ಹೋಗಿತ್ತು.

ಆದರೆ ಜಿಡ್ಡು ಮಾತ್ರ ಹೋಗಲಿಲ್ಲ. ಆರಂಭದಲ್ಲಿ ಇದರಿಂದ ನಿರಾಶೆಯಾದರೂ, ಕಾರಣ ತಿಳಿದ ಮೇಲೆ ಶಾಂಪೂವಿನ ಮೇಲಿನ ದೂರು ನಿಂತಿತು. ಕೂದಲಿನ ಬುಡಕ್ಕೆ ಹೊಂದಿಕೊಂಡಿರುವ ಗ್ರಂಥಿಗಳು ಸೀಬಮ್ ಎಂಬ ಜಿಡ್ಡನ್ನು ಸ್ರವಿಸುತ್ತವೆ. ಎಷ್ಟು ಸ್ರವಿಸಬೇಕೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಆಂಡ್ರೊಜನ್ ಎಂಬ, ಗಂಡು ಹೆಣ್ಣು ಇಬ್ಬರಲ್ಲೂ ಇರುವ ಹಾರ್ಮೋನುಗಳು. ಹರೆಯದಲ್ಲಿ ನೆತ್ತಿ ಜಿಡ್ಡಾಗತೊಡಗುವುದೂ ಅದರಿಂದಲೇ. ಬಹುತೇಕ ಎಲ್ಲರ ನೆತ್ತಿಯಲ್ಲೂ ಇರುವ ಮಲಸೀಜಿಯಾ ಎಂಬ ಶಿಲೀಂಧ್ರ ಈ ಜಿಡ್ಡನ್ನೇ ಆಹಾರವಾಗಿಸಿಕೊಂಡು, ಅದನ್ನು ಒಡೆಯುವಾಗ ಓಲಿಯಿಕ್ ಆಮ್ಲದಂತಹ ಕೊಬ್ಬಿನಾಮ್ಲಗಳನ್ನು ಉಳಿಸಿಹೋಗುತ್ತದೆ. ಅವನ್ನು ಸಹಿಸದ ಚರ್ಮ ಕೆರಳಿ, ಕೆಂಪಾಗಿ, ಪದರ ಪದರವಾಗಿ ಉದುರುತ್ತದೆ. ಕೀಟೊಕೊನಜೋಲ್ ಹತ್ತಿಕ್ಕುವುದು ಆ ಶಿಲೀಂಧ್ರವನ್ನು. ಶಾಂಪೂವಾಗಿ ಹಚ್ಚಿದಾಗ ಹಾರ್ಮೋನಿನ ಕೆಲಸಕ್ಕೆ ಅದು ಅಷ್ಟಾಗಿ ಕೈಹಾಕುವುದಿಲ್ಲ.

ಹೀಗಾಗಿ ಜಿಡ್ಡಿಗೆ ಬೇರೆ ದಾರಿ ಬೇಕಾಯಿತು, ಅದು ಅತ್ಯಂತ ಸರಳವಾದದ್ದು: ತೊಳೆಯುವುದು. ಹೆಚ್ಚು ತೊಳೆದರೆ ಗ್ರಂಥಿಗಳು ಮತ್ತಷ್ಟು ಜಿಡ್ಡು ಸುರಿಸುತ್ತವೆ ಎಂದು ನಂಬಿ ನಾನು ವರ್ಷಗಟ್ಟಲೆ ನಾಲ್ಕೈದು ದಿನಕ್ಕೊಮ್ಮೆ ಮಾತ್ರ ತಲೆ ತೊಳೆಯುತ್ತಿದ್ದೆ. ಆ ನಂಬಿಕೆಯಿಂದ ನನಗಾದ ತೊಂದರೆ ಸಣ್ಣದಲ್ಲ. ಈಗ ಉಳಿದ ದಿನಗಳಲ್ಲಿ ಸೌಮ್ಯವಾದ ಸಾಮಾನ್ಯ ಶಾಂಪೂವಿನಿಂದ ದಿನ ಬಿಟ್ಟು ದಿನ ತೊಳೆಯುತ್ತೇನೆ. ಇಷ್ಟು ತಿಂಗಳಲ್ಲಿ ಜಿಡ್ಡು ಒಂದಿಷ್ಟೂ ಹೆಚ್ಚಿಲ್ಲ. ನೆತ್ತಿಗೆ ಎಣ್ಣೆ ತಿಕ್ಕುವುದನ್ನೂ ಬಿಟ್ಟಿದ್ದೇನೆ, ಏಕೆಂದರೆ ಅದು ಶಿಲೀಂಧ್ರಕ್ಕೆ ಮತ್ತೊಂದು ತುತ್ತು.

ಕುಂದುಗಳೂ ಇವೆ. ಕೂದಲಿನ ತುದಿ ಒರಟಾಗಿ ಸಿಕ್ಕುಗಟ್ಟುತ್ತದೆ. ಕಿವಿಯಿಂದ ಕೆಳಗಿನ ಭಾಗಕ್ಕಷ್ಟೇ ಕಂಡೀಷನರ್ ಹಚ್ಚಿ ಇದನ್ನು ಸರಿಪಡಿಸಿಕೊಂಡಿದ್ದೇನೆ. ನರೆತ ಅಥವಾ ರಾಸಾಯನಿಕಗಳಿಂದ ಹಾಳಾದ ಕೂದಲಿನ ಬಣ್ಣ ಕೆಲವರಲ್ಲಿ ಬದಲಾಗುವುದುಂಟು. ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ ಇದು ಹತೋಟಿಯೇ ಹೊರತು ಶಾಶ್ವತ ಗುಣವಲ್ಲ: ಎಂಟನೆಯ ತಿಂಗಳಲ್ಲಿ ಪೂರ್ತಿ ನಿಲ್ಲಿಸಿದಾಗ ಆರು ವಾರಗಳೊಳಗೆ ಹಣೆಯಂಚಿನಿಂದ ತುರಿಕೆ ಮರಳಿತು.

ತುರಿಕೆ, ಹೊಟ್ಟು ಇಲ್ಲದೆ ಬರಿಯ ಜಿಡ್ಡಷ್ಟೇ ಇರುವವರಿಗೆ ಈ ಶಾಂಪೂವನ್ನು ನಾನು ಹೇಳುವುದಿಲ್ಲ; ಅವರಿಗೆ ಸಾಮಾನ್ಯ ಶಾಂಪೂವೇ ಸಾಕಾದೀತು. ಜಿಡ್ಡು ಏಕಾಏಕಿ ಹೆಚ್ಚಿ, ಜೊತೆಗೆ ಮುಟ್ಟು ಏರುಪೇರಾಗಿದ್ದರೆ ಅಥವಾ ಮುಖದಲ್ಲಿ ಕೂದಲು ಬೆಳೆಯುತ್ತಿದ್ದರೆ ಶಾಂಪೂ ಹುಡುಕುವ ಬದಲು ವೈದ್ಯರನ್ನು ಕಾಣಬೇಕು. ನಾನಂತೂ ಈಗ ಹತ್ತು ದಿನಕ್ಕೊಮ್ಮೆ ಇದನ್ನು ಬಳಸುತ್ತಿದ್ದೇನೆ, ರಾತ್ರಿ ನಿದ್ದೆ ಕೆಡುವುದು ನಿಂತಿದೆ.