ಮೂರು ಕುದುರೆಗಳಿಗೆ ಒಂದು ಡ್ರೆಸಾಜ್ ಸೀಸನ್: ದುಡ್ಡು ಕೊಟ್ಟು ಮಾಡಿಸಿದ ಯೋಜನೆ ಹೇಗಿತ್ತು?

ಯಲಹಂಕದ ಆಚೆಗಿರುವ ಲಾಯವೊಂದರಲ್ಲಿ ನಮ್ಮ ಮನೆಯ ಮೂರು ಕುದುರೆಗಳಿವೆ. ಸವಾರರು ಇಬ್ಬರೇ: ನನ್ನ ಮಗಳು ಮತ್ತು ಅವಳ ಚಿಕ್ಕಪ್ಪನ ಮಗ. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಡ್ರೆಸಾಜ್ ತಂಡ (ನಿಗದಿತ ನಡೆ-ಚಲನೆಗಳನ್ನು ಕುದುರೆಯಿಂದ ಮಾಡಿಸಿ ಅಂಕ ಪಡೆಯುವ ಸವಾರಿ ಸ್ಪರ್ಧೆ ಇದು) ಚಿನ್ನ ಗೆದ್ದ ಮೇಲೆ, ಅದೂ ಕುದುರೆ ಸವಾರಿಯಲ್ಲಿ ದೇಶಕ್ಕೆ 41 ವರ್ಷಗಳ ನಂತರ ಬಂದ ಚಿನ್ನವಾದ್ದರಿಂದ, ಇವರಿಬ್ಬರ ಉತ್ಸಾಹಕ್ಕೆ ಮಿತಿಯೇ ಇಲ್ಲದಂತಾಗಿ, ಕಣ್ಣಿಗೆ ಬಿದ್ದ ಸ್ಪರ್ಧೆಗೆಲ್ಲ ಹೆಸರು ಕೊಡತೊಡಗಿದರು. ಅದರ ಫಲವನ್ನು ಉಂಡದ್ದು ನಮ್ಮ 15 ವರ್ಷದ ಹೆಣ್ಣುಕುದುರೆ ಧಾರಾ. ಹಿಂದಿನ ಸೀಸನ್ನಿನ ಫೆಬ್ರುವರಿ ಹೊತ್ತಿಗೆ ಅದು ಮೇವಿನ ಮುಂದೆಯೂ ತಲೆ ತಗ್ಗಿಸಿ ನಿಲ್ಲುತ್ತಿತ್ತು. ಆದ್ದರಿಂದ ಈ ಸಲ ಸೀಸನ್ನಿನ ಯೋಜನೆಯನ್ನು, ಇದನ್ನೇ ಸೇವೆಯಾಗಿ ಒದಗಿಸುವ ತರಬೇತುದಾರರೊಬ್ಬರಿಗೆ ಒಪ್ಪಿಸಿದೆವು. ಮೂರು ಕುದುರೆಗಳಿಗೆ ಅವರು ಪಡೆದದ್ದು 18,000 ರೂಪಾಯಿ.

ಮೊದಲ ಭೇಟಿಯಲ್ಲಿ ಅವರು ಸ್ಪರ್ಧೆಗಳ ಪಟ್ಟಿಯನ್ನು ಕೇಳಲೇ ಇಲ್ಲ. ಹಿಂದಿನ ವರ್ಷದ ಅಂಕಪಟ್ಟಿಗಳು, ಪ್ರತಿ ಕುದುರೆಯ ಪಾಸ್‌ಪೋರ್ಟ್ (ಗುರುತು, ಚುಚ್ಚುಮದ್ದುಗಳ ದಾಖಲೆ ಪುಸ್ತಕ), ಲಾಳ ಕಟ್ಟಿಸಿದ ದಿನಾಂಕಗಳು, ಇಷ್ಟನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತರು. ನಾವು ಯಾವಾಗಲೂ ಕೊನೆಯ ಸಾಲಿನ ಶೇಕಡಾವಾರು ನೋಡಿ ಮಡಚಿಡುತ್ತಿದ್ದ ಹಾಳೆಗಳವು. ಅವರು ಮಾತ್ರ ಧಾರಾಗೆ ಎಕ್ಸ್‌ಟೆಂಡೆಡ್ ವಾಕ್‌ನಲ್ಲಿ (ಉದ್ದ ಹೆಜ್ಜೆ ಹಾಕಿ ನಡೆಯುವ ಭಾಗದಲ್ಲಿ) ಬಂದ ಅಂಕದ ಸಾಲೊಂದನ್ನೇ ಹಾಳೆಯಿಂದ ಹಾಳೆಗೆ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತ ಹೋದರು: ನವೆಂಬರಿನಲ್ಲಿ ಹತ್ತಕ್ಕೆ 7, ಡಿಸೆಂಬರಿನಲ್ಲಿ 6.5, ಫೆಬ್ರುವರಿಯಲ್ಲಿ 5. ಆ ಪರೀಕ್ಷೆಯಲ್ಲಿ ಅದಕ್ಕೆ ಎರಡರ ಗುಣಕವಿರುವುದರಿಂದ ಕಳೆದುಹೋದ ಎರಡು ಅಂಕ ಲೆಕ್ಕಕ್ಕೆ ನಾಲ್ಕಾಗುತ್ತದೆ. ಆದರೆ ಅವರ ಕಳವಳ ಅಂಕದ್ದಾಗಿರಲಿಲ್ಲ. ಬೆನ್ನು ಬಿಗಿದ ಕುದುರೆ ಟ್ರಾಟ್‌ನ (ಕುಲುಕು ಓಟದ) ಚುರುಕಿನಲ್ಲಿ ಆ ಬಿಗಿತವನ್ನು ಸ್ವಲ್ಪಮಟ್ಟಿಗೆ ಮರೆಸಬಲ್ಲದು, ಲಗಾಮು ಸಡಿಲಿಸಿ ನಡೆಯಬಿಟ್ಟಾಗ ಮರೆಸಲಾರದು. ನಾವು ಮಾರ್ಚಿನಲ್ಲಿ ಕಂಡುಕೊಂಡದ್ದನ್ನು ತೀರ್ಪುಗಾರರು ಡಿಸೆಂಬರಿನಲ್ಲೇ ಬರೆದು ಕೊಟ್ಟಿದ್ದರು.

ಅಲ್ಲಿಂದ ಮುಂದೆ ನಡೆದದ್ದು ಬಹುಮಟ್ಟಿಗೆ ಕತ್ತರಿ ಕೆಲಸ. ಧಾರಾಗೆ ಮೂರೇ ಸ್ಪರ್ಧೆ, ನಡುವೆ ಕನಿಷ್ಠ ಐದು ವಾರಗಳ ಬಿಡುವು. ಒಂಬತ್ತು ವರ್ಷದ ಸಾರಥಿಗೆ ಐದು. ರೇಸ್‌ಕೋರ್ಸಿನಿಂದ ಬಂದ ಆರು ವರ್ಷದ ಬಾದಾಮಿ ಲಗಾಮು ಬಿಗಿದರೆ ಇನ್ನೂ ಜೋರಾಗಿ ಓಡಬೇಕೆಂದು ಕಲಿತು ಬಂದ ಕುದುರೆ. ಅದನ್ನು ಮೊದಲ ಎರಡು ಸ್ಪರ್ಧೆಗಳಿಗೆ ಹೆಸರು ಕೊಡದೆಯೇ ಕರೆದೊಯ್ದು, ಧ್ವನಿವರ್ಧಕ, ಬಾವುಟ, ಜನಜಂಗುಳಿಗಳ ನಡುವೆ ಸುಮ್ಮನೆ ಸುತ್ತಾಡಿಸಿ ತರಬೇಕೆಂದರು. ಸ್ಪರ್ಧಿಸದ ಕುದುರೆಗೂ ಸಾಗಾಟದ ಖರ್ಚೇ ಎಂದು ಗೊಣಗಿದವಳು ನಾನು. ಜನವರಿಯಲ್ಲಿ ಅದು 20x40 ಮೀಟರಿನ ಅಂಕಣಕ್ಕೆ ಕಿವಿ ನಿಮಿರಿಸದೆ ಇಳಿದಾಗ ಮಾತು ಹಿಂತೆಗೆದುಕೊಂಡೆ.

ಈ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಚುಚ್ಚುಮದ್ದಿನ ಲೆಕ್ಕ. ಸ್ಪರ್ಧಾಸ್ಥಳಕ್ಕೆ ಬರುವ ಕುದುರೆಗೆ ಇನ್‌ಫ್ಲುಯೆಂಜಾ ಬೂಸ್ಟರ್ ಆಗಿ 6 ತಿಂಗಳು 21 ದಿನ ಮೀರಿರಬಾರದು, ತಲುಪುವ ಮುಂಚಿನ 7 ದಿನಗಳಲ್ಲಿ ಕೊಟ್ಟಿರಲೂಬಾರದು ಎಂಬ ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ) ನಿಯಮವನ್ನು ನಮ್ಮ ಲಾಯದವರು ಸ್ಥಳೀಯ ಸ್ಪರ್ಧೆಗಳಿಗೂ ಪಾಲಿಸುತ್ತಾರೆ. ಸಾರಥಿಗೆ ಜೂನ್ 5ರಂದು ಮದ್ದು ಹಾಕಿಸಿದ್ದೆವು. ಅದರ ಅವಧಿ ಡಿಸೆಂಬರ್ 26ಕ್ಕೆ ಮುಗಿಯುತ್ತಿತ್ತು. ನಾವು ಹೊರಡಬೇಕಿದ್ದದ್ದು ಜನವರಿ 2ಕ್ಕೆ. ಕ್ರಿಸ್‌ಮಸ್ ರಜೆಯಲ್ಲಿ ಹಾಕಿಸಿದರಾಯಿತು ಎಂದುಕೊಂಡಿದ್ದೆವು, ಎರಡು ದಿನ ತಡವಾಗಿದ್ದರೂ ಕುದುರೆ ಗೇಟಿನ ಹೊರಗೇ ಉಳಿಯುತ್ತಿತ್ತು. ಯೋಜನೆಯಲ್ಲಿ ಡಿಸೆಂಬರ್ 10ರಂದೇ ಮದ್ದು, ಆಮೇಲೆ ಐದು ದಿನ ಹಗುರ ಕೆಲಸ ಎಂದು ಬರೆದಿತ್ತು. ಲಾಳ ಕಟ್ಟಿಸುವುದನ್ನೂ ಹೀಗೆಯೇ ಪ್ರತಿ ಸ್ಪರ್ಧೆಗೆ ವಾರದ ಮುಂಚೆ ಬರುವಂತೆ ಹೊಂದಿಸಿದ್ದರು.

ಕುದುರೆಯ ಮೈ ಅಷ್ಟು ಬಲ್ಲವರಿಗೆ ಲಾಯದ ದಿನಚರಿ ಅಷ್ಟಾಗಿ ತಿಳಿದಂತಿರಲಿಲ್ಲ. ಡಿಸೆಂಬರಿನ ಸ್ಪರ್ಧೆಗೆ ಮೂರೂ ಕುದುರೆಗಳನ್ನು ಒಂದೇ ಬೆಳಗ್ಗೆ ಫ್ಲೋಟ್‌ನಲ್ಲಿ, ಅಂದರೆ ಕುದುರೆ ಸಾಗಿಸುವ ಗಾಡಿಯಲ್ಲಿ, ಹೊರಡಿಸಿದ್ದರು. ಗೋಡೆಗೆ ಅಂಟಿಸಿದ ಹಾಳೆಯನ್ನು ನಾನು ಓದಿ ಹೇಳುತ್ತಿದ್ದಾಗ ಕುದುರೆಗಳನ್ನು ನೋಡಿಕೊಳ್ಳುವ ನಮ್ಮ ಹಿರಿಯ ಸೈಸ್ ತಣ್ಣಗೆ ಕೇಳಿದರು: "ಮೇಡಂ, ಫ್ಲೋಟಲ್ಲಿ ಹಿಡಿಸೋದು ಎರಡೇ. ಮೂರನೇದು ನಡ್ಕಂಡ್ ಬರ್ತದಾ?" ಇನ್ನೊಂದು ಗಾಡಿಗೆ ಕೊನೆಯ ಗಳಿಗೆಯಲ್ಲಿ ತೆತ್ತ ಬಾಡಿಗೆ 9,000 ರೂಪಾಯಿ. ಅದೇ ದಿನ ಮಗಳಿಗೆ ಧಾರಾ ಮತ್ತು ಸಾರಥಿಯ ಸರದಿಗಳ ನಡುವೆ ಸಿಕ್ಕಿದ್ದು 25 ನಿಮಿಷ. ಒಂದು ಕುದುರೆಯಿಂದ ಇಳಿದು ಇನ್ನೊಂದನ್ನು ಸರಿಯಾಗಿ ಮೈ ಸಡಿಲಿಸಲು ಅದು ಸಾಲದು, ಸಾರಥಿಯ ಅಂಕಪಟ್ಟಿಯಲ್ಲಿ ಅದು ಕಂಡಿತು ಕೂಡ. ಇಡೀ ಯೋಜನೆ ಇಂಗ್ಲಿಷಿನಲ್ಲಿ, ಮೊಬೈಲಿನಲ್ಲಿ ಕಣ್ಣು ಕಿರಿದು ಮಾಡಿ ನೋಡಬೇಕಾದ ಕೋಷ್ಟಕವಾಗಿ ಬಂತೆಂಬುದು ಇನ್ನೊಂದು ಆಕ್ಷೇಪ. ಬೆಳಗ್ಗೆ ಐದಕ್ಕೆ ಅದನ್ನು ನಿಜವಾಗಿ ನಡೆಸಬೇಕಾದವರು ಸೈಸ್‌ಗಳು. ಅವರಿಗಾಗಿ ನಾನೇ ಕುಳಿತು ಎಲ್ಲವನ್ನೂ ಕನ್ನಡದಲ್ಲಿ, ಕುದುರೆಗೊಂದು ಬಣ್ಣದಂತೆ, ದೊಡ್ಡ ಗೋಡೆ ಕ್ಯಾಲೆಂಡರಿಗೆ ಇಳಿಸಿದೆ. ಫ್ಲೋಟ್ ಮತ್ತು ಸರದಿಗಳ ತೊಂದರೆಯನ್ನು ತಿಳಿಸಿದಾಗ ತರಬೇತುದಾರರು ವಾದಕ್ಕೆ ನಿಲ್ಲದೆ, ಫ್ಲೋಟ್ ಮತ್ತು ಸವಾರರಿಗೆ ಕೋಷ್ಟಕದಲ್ಲಿ ಬೇರೆ ಕಾಲಂಗಳನ್ನು ಸೇರಿಸಿ ಉಳಿದ ತಿಂಗಳುಗಳ ಯೋಜನೆಯನ್ನು ಮತ್ತೆ ಬರೆದು ಕೊಟ್ಟರು. ಬಾಡಿಗೆಯ ಹಣವನ್ನು ನಾವು ಕೇಳಲಿಲ್ಲ, ಅವರು ಕೊಡಲೂ ಇಲ್ಲ.

ಒಂದೇ ಕುದುರೆ ಇರುವವರಿಗೆ ಈ ಸೇವೆ ದುಬಾರಿಯೆನಿಸೀತು. ಒಳ್ಳೆಯ ಡೈರಿಯೊಂದು ಸಾಕು. ಮೂರನೆಯದು ಲಾಯಕ್ಕೆ ಬಂದ ಮೇಲೆ ಲೆಕ್ಕ ತಪ್ಪುವುದು ಶುರುವಾಗುತ್ತದೆ. ಮಾರ್ಚಿನ ಕೊನೆಯ ಸ್ಪರ್ಧೆಯಲ್ಲಿ ಧಾರಾಗೆ ವಾಕ್‌ನಲ್ಲಿ ಮತ್ತೆ 7 ಬಂತು. ಆ ಕುದುರೆಯ ಸ್ಪರ್ಧೆಗಳನ್ನು ಅಲ್ಲಿಗೇ ನಿಲ್ಲಿಸಿ, ಅದನ್ನು ಲಾಯದ ಚಿಕ್ಕ ಮಕ್ಕಳ ಪಾಠಕ್ಕೆ ಬಿಡುವುದೆಂದು ತೀರ್ಮಾನಿಸಿದ್ದೇವೆ. ಮುಂದಿನ ಸೀಸನ್ನಿಗೆ ಸಾರಥಿ ಮತ್ತು ಬಾದಾಮಿಯ ಹಣವನ್ನಷ್ಟೇ ಕಟ್ಟಿದ್ದೇವೆ.